ಕಜ್ಜಾಯ ಗಿಜ್ಜಾಯ

ಎದುರಿಗೆ ಕೂತವರು ಯಾವ ಸೀಮೆಯವರೆಂದು ತಿಳಿಯಬೇಕಾದರೆ ಊರು, ಕೇರಿ, ಮನೆತನ ಎಂದೆಲ್ಲ ಕೆದಕಿ ಮುಜುಗರಕ್ಕೆ ಸಿಕ್ಕಿಕೊಳ್ಳಬೇಕಾಗಿಲ್ಲ. "ನಿಮ್ಮನೇಲಿ ಕಜ್ಜಾಯ ಹೇಗೆ ಮಾಡ್ತಾರೆ?" ಎಂದು ಕೇಳಿದರೆ ಸಾಕು. "ಅಕ್ಕಿ ನೆನೆಹಾಕಿ, ಬೆಲ್ಲದ ಪಾಕ ತೆಗೆದು..." ಎಂದು ಶುರುಮಾಡಿದರೆ ಬೆಂಗಳೂರು, ಕೋಲಾರದ ಕಡೆಯವರು. "ಯಾವ ಕಜ್ಜಾಯ?" ಎಂದು ಮರುಪ್ರಶ್ನೆ ಹಾಕಿದರೆ ಶಿರಸಿ, ಸಿದ್ದಾಪುರದವರು. "ಗಣಪತಿಗಾ?" ಎಂದರೆ ಕರಾವಳಿಯವರು. "ಹಂಗಂದ್ರೇನ್ರೀ?" ಎಂದರೆ ಧಾರವಾಡ ದಾಟಿದವರು. ಏನೂ ಹೇಳದೆ ಸುಮ್ಮನೆ ಬೆನ್ನು ಸವರಿಕೊಂಡರೆ ಛಡಿಯ ಕಾಲದ ಸ್ಕೂಲಿನಲ್ಲಿ ಓದಿದವರು. ಅವರು ಯಾವ ಜಿಲ್ಲೆಯವರಾದರೂ ಆಗಿರಬಹುದು.

ನಾನು ಮೊದಲನೆಯ ಗುಂಪಿನವನು. ನಮ್ಮ ಕಡೆ ಕಜ್ಜಾಯ ಎಂದರೆ ಕಜ್ಜಾಯ. ದುಂಡಗೆ, ಅಂಗೈಯಗಲ, ತಾಮ್ರದ ಬಣ್ಣಕ್ಕಿಂತ ಒಂದು ಛಾಯೆ ಕಪ್ಪಗೆ, ಅಂಚು ಗರಿಗರಿ, ಒಳಗೆ ಮೆತ್ತಗೆ. ಅದಕ್ಕೆ ಕಾಲವೂ ಒಂದೇ, ದೀಪಾವಳಿ. ಕೇದಾರೇಶ್ವರನ ನೋಮು ಇರುವ ಮನೆಗಳಲ್ಲಿ 21 ಎಳೆಯ ದಾರ, ನೈವೇದ್ಯಕ್ಕೆ 21 ಕಜ್ಜಾಯ. ದೇವರ ಲೆಕ್ಕ 21ಕ್ಕೆ ಮುಗಿಯುತ್ತದೆ. ನೆಂಟರ, ನೆರೆಯವರ, ಹಬ್ಬ ಮುಗಿದ ಮೇಲೆ 'ಸುಮ್ಮನೆ ಈ ಕಡೆ ಬಂದಿದ್ದೆ' ಎನ್ನುವವರ ಲೆಕ್ಕ ಅಲ್ಲಿಂದ ಶುರುವಾಗುತ್ತದೆ.

ಈ ಕಜ್ಜಾಯವನ್ನು ಮಾಡುವುದು ಅಡುಗೆಮನೆಯ ಕೆಲಸ ಎಂದುಕೊಂಡವರು ನಮ್ಮ ಅಜ್ಜಿಯನ್ನು ನೋಡಿಲ್ಲ. ಅವರ ಪಾಲಿಗೆ ಅದು ದಂಡಯಾತ್ರೆ. ನೆನೆಸಿದ ಅಕ್ಕಿಯನ್ನು ಬಸಿದು ನಡುಮನೆಯಲ್ಲಿ ತಾತನ ಒಗೆದ ಪಂಚೆಯ ಮೇಲೆ ಹರವುತ್ತಿದ್ದರು. ಬಿಸಿಲಿಗೆ ಒಣಗಿಸುವಂತಿಲ್ಲ. ನೆರಳಿನಲ್ಲೇ ಆರಬೇಕು, ಆದರೆ ಪೂರ್ತಿ ಆರಬಾರದು. ಮುಷ್ಟಿಯಲ್ಲಿ ಹಿಡಿದರೆ ತಣ್ಣಗಿರಬೇಕು, ಬಿಟ್ಟರೆ ಕೈಗೆ ಅಂಟಬಾರದು. ಆ ಹದ ಬರುವವರೆಗೆ ನಡುಮನೆಯಲ್ಲಿ ಯಾರೂ ಓಡಾಡುವಂತಿರಲಿಲ್ಲ. ತಾತನಿಗೆ ಅಕ್ಕಿಯೂ ಇಲ್ಲ, ನಡುಮನೆಯೂ ಇಲ್ಲ, ಪಂಚೆಯೂ ಇಲ್ಲ. ಅವರು ಜಗುಲಿಯ ಮೇಲೆ ಕೂತು ಪೇಪರು ಓದುತ್ತಿದ್ದರು.

ಹದ ಬಂದ ಕೂಡಲೆ ಅಕ್ಕಿಯನ್ನು ಗಂಟು ಕಟ್ಟಿ ಮಿಲ್ಲಿಗೆ ಓಡುವ ಪಾಳಿ ಹುಡುಗರದ್ದು. ಮಿಲ್ಲಿನ ಮುಂದೆ ನಮ್ಮಂಥ ಗಂಟುಗಳ ಸಾಲು. "ಕಜ್ಜಾಯದ ಅಕ್ಕಿ" ಎಂದು ಮೊದಲೇ ಕೂಗಿ ಹೇಳಬೇಕು. ಯಾಕೆಂದರೆ ಅದಕ್ಕೆ ಮುಂಚೆ ಆ ಯಂತ್ರದಲ್ಲಿ ಮೆಣಸಿನಕಾಯಿ ಬಿದ್ದಿರಬಾರದು, ರಾಗಿ ಬಿದ್ದಿರಬಾರದು. ಮೆಣಸಿನಕಾಯಿ ತಂದವರು, ರಾಗಿ ತಂದವರು, ಕಜ್ಜಾಯದ ಅಕ್ಕಿ ತಂದವರು ಅಂತ ಮೂರು ಪಂಗಡಗಳಾಗಿ, ಮಿಲ್ಲಿನವನು ನಡುವೆ ನಿಂತು, ಬೆಲ್ಟಿನ ಸದ್ದಿನ ಮೇಲೆ ಎಲ್ಲರನ್ನೂ ಬೈಯುತ್ತಿದ್ದ. ಹಿಟ್ಟು ಬಿಸಿಬಿಸಿಯಾಗಿ ಹೊರಗೆ ಬರುತ್ತಿತ್ತು. ಅದನ್ನು ಎದೆಗೊತ್ತಿಕೊಂಡು ಮನೆಗೆ ಬಂದರೆ ಮೀಸೆ ಬಾರದ ವಯಸ್ಸಿನಲ್ಲಿ ಬಿಳಿ ಮೀಸೆ ಬಂದಿರುತ್ತಿತ್ತು.

ಆಮೇಲಿನದು ಪಾಕ. ಬೆಲ್ಲ ಕರಗಿ ಕುದಿದು ನೊರೆ ಬರುವಾಗ ಒಂದು ಬಟ್ಟಲು ತಣ್ಣೀರಿನಲ್ಲಿ ಎರಡು ಹನಿ ಬಿಟ್ಟು ಬೆರಳಿನಲ್ಲಿ ಕೂಡಿಸಿ ನೋಡುತ್ತಾರೆ. ಹನಿ ಕೂಡಿ ಮೆತ್ತನೆಯ ಉಂಡೆಯಾದರೆ ಸರಿ. ಇನ್ನೂ ಹರಿದಾಡುತ್ತಿದ್ದರೆ ಎಳೆ ಪಾಕ. ತಟ್ಟೆಗೆ ಬಡಿದರೆ ಟಣ್ ಎಂದರೆ ಕೆಲಸ ಕೆಟ್ಟಿತು. ಎಳೆ ಪಾಕದ ಕಜ್ಜಾಯ ಎಣ್ಣೆಗೆ ಬಿದ್ದ ತಕ್ಷಣ ಬಿಚ್ಚಿಕೊಂಡು ಬಾಣಲೆಯ ತುಂಬ ಚೆಲ್ಲಾಪಿಲ್ಲಿಯಾಗುತ್ತದೆ. ಬಲಿತ ಪಾಕದ್ದು ಒಡೆಯುವುದಿಲ್ಲ, ಎಣ್ಣೆಯಲ್ಲೂ ಒಡೆಯುವುದಿಲ್ಲ, ಹಲ್ಲಿನಲ್ಲೂ ಒಡೆಯುವುದಿಲ್ಲ. ಪಾಕ ಕೆಟ್ಟರೆ ನಮ್ಮಜ್ಜಿ ಬೆಲ್ಲದ ಮಂಡಿಯವನನ್ನು ಶಪಿಸುತ್ತಿದ್ದರು. ಮಂಡಿಯವನು ಪರಿಚಯದವನಾಗಿದ್ದರೆ ಬಾಗಿಲಲ್ಲಿ ಇಣುಕಿ ನೋಡಿದ ಯಾರದೋ ಕಣ್ಣಿನ ಮೇಲೆ ತಪ್ಪು ಹೊರಿಸುತ್ತಿದ್ದರು. ಪಾಕ ಚೆನ್ನಾಗಿ ಬಂದ ವರ್ಷ ಮಾತ್ರ ಬೆಲ್ಲದ ಮಾತೇ ಬರುತ್ತಿರಲಿಲ್ಲ. ಅದು ಶುದ್ಧ ಕೈಗುಣ. ಗಸಗಸೆ, ಏಲಕ್ಕಿ ಸೇರಿದ ಹಿಟ್ಟನ್ನು ಪಾಕದಲ್ಲಿ ಕಲಸಿ, ಮೇಲೆ ತುಪ್ಪ ಸವರಿ, ಮುಚ್ಚಿಟ್ಟು, ಮಾರನೆಯ ದಿನ ಬಾಳೆಲೆಯ ಮೇಲೆ ತಟ್ಟಿ ಎಣ್ಣೆಗೆ ಜಾರಿಸಿ, ಉಬ್ಬಿದ್ದನ್ನು ಎತ್ತಿ ಎರಡು ಸಟ್ಟುಗಗಳ ನಡುವೆ ಒತ್ತಿ ಎಣ್ಣೆ ಹಿಂಡಿದರೆ, ಅದು ಕಜ್ಜಾಯ. ಇಷ್ಟು ಕಷ್ಟದಿಂದ ಹುಟ್ಟಿದ ವಸ್ತುವಿನ ಹೆಸರನ್ನು ಯಾರೋ ಹೋಗಿ ಜಿಲೇಬಿಗೆ ಇಟ್ಟರೆ ಹೊಟ್ಟೆ ಉರಿಯುತ್ತದೆಯೋ ಇಲ್ಲವೋ?

ಉರಿದದ್ದು ನಮ್ಮ ಅಪ್ಪನ ಹೊಟ್ಟೆ, ಅದೂ ನನ್ನ ಮದುವೆಯಲ್ಲಿ.

ನನ್ನ ಹೆಂಡತಿಯ ತವರು ಶಿರಸಿ ಕಡೆ. ಅಡಿಕೆ ತೋಟದ ನಡುವೆ ಮನೆ, ಅಂಗಳಕ್ಕೆ ಚಪ್ಪರ, ಚಪ್ಪರದ ಕೆಳಗೆ ಉದ್ದುದ್ದ ಪಂಕ್ತಿ. ಗಂಡಿನ ತಂದೆಯೆಂದು ಅಪ್ಪನಿಗೆ ಮೊದಲ ಸಾಲಿನ ಮೊದಲ ಎಲೆ. ಬೆಳಗ್ಗೆಯೇ ಬೀಗರು ಬಂದು, "ಇವತ್ತು ಊಟಕ್ಕೆ ಕಜ್ಜಾಯ ಜೋರಿದೆ, ನಿಧಾನಕ್ಕೆ ಊಟ ಮಾಡಬೇಕು" ಎಂದು ಹೇಳಿಹೋಗಿದ್ದರು. ಅಪ್ಪ ಆ ಒಂದು ಮಾತಿನ ಮೇಲೆ ತಮ್ಮ ಇಡೀ ಊಟದ ಯೋಜನೆ ಹಾಕಿಕೊಂಡರು. ಬೆಳಗಿನ ತಿಂಡಿ ಅರ್ಧಕ್ಕೆ ಬಿಟ್ಟರು. ಅನ್ನ ಒಂದೇ ತುತ್ತು. ಹೋಳಿಗೆ ಬಂತು. ಅಪ್ಪ ಎಲೆಯ ಮೇಲೆ ಕೈ ಅಡ್ಡ ಹಿಡಿದು ಬೇಡ ಎಂದರು. ಬಡಿಸುವವರು ಒತ್ತಾಯ ಮಾಡಿದರು, ಅಪ್ಪ ಕೈ ತೆಗೆಯಲಿಲ್ಲ. ಜಿಲೇಬಿ ಬಂತು. ಅದಕ್ಕೂ ಕೈ ಅಡ್ಡ. ಲಾಡು ಬಂತು. ಅಪ್ಪ ಎಲೆಯ ಮೇಲೆ ಪೂರ್ತಿ ಬಾಗಿ ಎರಡೂ ಕೈಯಿಂದ ಕಾಪಾಡಿಕೊಂಡರು. ಅವರಿಗೆ ಬೇಕಾದದ್ದು ಕಜ್ಜಾಯ. ಅದಕ್ಕಾಗಿ ಹೊಟ್ಟೆಯಲ್ಲಿ ಜಾಗ ಕಾದಿರಿಸಿದ್ದರು.

ಅತ್ತ ಕಡೆ ಅಡುಗೆಮನೆಯಲ್ಲಿ ಪಿಸುಮಾತು ಎದ್ದಿತ್ತು. ಬೀಗರು ಒಂದೇ ಒಂದು ಕಜ್ಜಾಯ ಮುಟ್ಟುತ್ತಿಲ್ಲವಂತೆ. ಮನಸ್ಸಿಗೆ ಏನೋ ಬೇಜಾರಾಗಿದೆ. ಯಾರು ಏನು ಅಂದರು? ಕಾಲು ತೊಳೆಯಲು ಕೊಟ್ಟ ನೀರು ತಣ್ಣಗಿತ್ತೇ? ಬೀಗರೇ ಖುದ್ದು ಬಂದು ಪಂಕ್ತಿಯ ಮುಂದೆ ನಿಂತು ಕೈ ಮುಗಿದರು: "ನಮ್ಮಿಂದ ಏನಾದರೂ ಹೆಚ್ಚುಕಮ್ಮಿ ಆಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ." ಹೊಟ್ಟೆಗೆ ಹಾಕಿಕೊಳ್ಳಲು ಬೆಳಗಿನಿಂದ ಕಾದಿದ್ದ ಅಪ್ಪ, "ಎಲ್ಲ ಚೆನ್ನಾಗಿದೆ, ಆದರೆ ಕಜ್ಜಾಯ ಬರಲೇ ಇಲ್ಲವಲ್ಲ" ಎಂದರು. ಪಂಕ್ತಿಗೆ ಪಂಕ್ತಿಯೇ ತಲೆಯೆತ್ತಿ ನೋಡಿತು. ಎಲ್ಲರ ಎಲೆಯ ಮೇಲೂ ಮೂರು ಬಗೆಯ ಕಜ್ಜಾಯ ಇದ್ದವು. ಅಪ್ಪನ ಎಲೆಯ ಮೇಲೆ ಮಜ್ಜಿಗೆ ಹರಿದು ಅಂಚಿಗೆ ಬರುತ್ತಿತ್ತು.

ಶಿರಸಿಯ ಕಡೆ ಸಿಹಿಯೆಲ್ಲವೂ ಕಜ್ಜಾಯವೇ. ಹೋಳಿಗೆ ಒಂದು ಕಜ್ಜಾಯ, ಜಿಲೇಬಿ ಒಂದು ಕಜ್ಜಾಯ, ಮಗುಚಿದ ಮಡಕೆಯ ಬೆನ್ನಿನ ಮೇಲೆ ಕಬ್ಬಿನ ಹಾಲಿನ ಹಿಟ್ಟು ಬಳಿದು ಕಾಗದದಷ್ಟು ತೆಳ್ಳಗೆ ತೆಗೆಯುವ ತೊಡೆದೇವು ಕೂಡ ಕಜ್ಜಾಯ. ನಾವು ಕಜ್ಜಾಯವೆಂದು ಪ್ರಾಣ ಬಿಡುವ ವಸ್ತು ಅವರಲ್ಲಿಯೂ ಇದೆ. ಅದಕ್ಕೆ ಅತ್ರಾಸ ಎನ್ನುತ್ತಾರೆ. ಅಂದರೆ ನಮ್ಮ ಕಜ್ಜಾಯ ಅವರ ಕಜ್ಜಾಯಗಳಲ್ಲಿ ಒಂದು. ಅಪ್ಪನಿಗೆ ಇದನ್ನು ಒಪ್ಪಿಕೊಳ್ಳುವುದು ಕಷ್ಟವಾಯಿತು. ಚಕ್ರವರ್ತಿ ಎಂದುಕೊಂಡು ಹೋದವರನ್ನು ತಾಲ್ಲೂಕು ಬೋರ್ಡ್ ಮೆಂಬರು ಮಾಡಿ ಕಳಿಸಿದರೆ ಯಾರಿಗೆ ತಾನೆ ಹಿಡಿಸುತ್ತದೆ?

ಆದರೆ ಅತ್ರಾಸ ಎಂಬ ಹೆಸರಿನ ಹಿಂದೆ ದೊಡ್ಡ ಬಳಗವಿದೆ. ತಮಿಳರು ಅದಿರಸಂ ಎನ್ನುತ್ತಾರೆ, ತೆಲುಗರು ಅರಿಸೆಲು ಎನ್ನುತ್ತಾರೆ, ಒಡಿಶಾದವರು ಅರಿಸಾ ಎನ್ನುತ್ತಾರೆ. ಮರಾಠಿಗರ ಅನಾರಸೆಯೂ ಇದೇ ಮನೆತನ. ಅವರು ಒಂದು ಮಗ್ಗುಲಿಗೆ ಗಸಗಸೆ ಹಚ್ಚಿ, ಆ ಮಗ್ಗುಲು ಮೇಲಿಟ್ಟು, ಮಗುಚದೆ ಕರಿಯುತ್ತಾರೆ. ಹುಬ್ಬಳ್ಳಿ ಧಾರವಾಡದವರು ಅವರಿಂದ ಪಡೆದು ಅನಾರಸಿ ಎಂದರು. ಧಾರವಾಡದ ನನ್ನ ಗೆಳೆಯನಿಗೆ ಕಜ್ಜಾಯ ಎಂಬುದು ಶಾಲೆಯ ಪುಸ್ತಕದಲ್ಲಿ ಕಂಡ ಶಬ್ದವಂತೆ. "ಪರೀಕ್ಷಾದಾಗ ಬಂದಿತ್ತು, ತಾಟಿನ್ಯಾಗ ಬರಲಿಲ್ಲ" ಎನ್ನುತ್ತಾನೆ. ಇಷ್ಟೊಂದು ಸೀಮೆ ಒಂದು ಕಡೆ ನಿಂತು ರಸ ರಸ ಎನ್ನುತ್ತಿರುವಾಗ, ಬೆಂಗಳೂರು ಕೋಲಾರದ ನಾವು ಮಾತ್ರ ಬೇರೆಯದೇ ಹೆಸರು ಹಿಡಿದುಕೊಂಡು ನಿಂತಿದ್ದೇವೆ. ಅದರಲ್ಲೂ ಕೋಲಾರದವರಿಗೆ ಮನೆಯಲ್ಲಿ ತೆಲುಗು, ಬಾಯಲ್ಲಿ ಕಜ್ಜಾಯ.

ಇನ್ನು ಕರಾವಳಿ. ನಮ್ಮ ಪಕ್ಕದ ಮನೆಯವರು ಉಡುಪಿ ಕಡೆಯವರು. ಅವರ ಕಜ್ಜಾಯದ ಹಿಂದೆ ಯಾವಾಗಲೂ ಒಂದು 'ಪಂಚ' ಇರುತ್ತದೆ. ಕಡಲೆಬೇಳೆ ಹುರಿದು ಮಾಡಿದ ತರಿಪುಡಿ, ಬೆಲ್ಲ, ಕೊಬ್ಬರಿ, ಎಳ್ಳು, ತುಪ್ಪ, ಜೇನು, ಏಲಕ್ಕಿ. ಎಣಿಸಿ ನೋಡಿ. ಏಳಾಯಿತು. "ಪಂಚ ಅಂದರೆ ಐದಲ್ಲವೇ?" ಎಂದು ನಾನು ಪಕ್ಕದ ಮನೆಯ ಹಿರಿಯರನ್ನು ಕೇಳಿದೆ. "ತುಪ್ಪ ಲೆಕ್ಕಕ್ಕಿಲ್ಲ, ಅದು ಕಲಸಲಿಕ್ಕೆ. ಏಲಕ್ಕಿ ಪರಿಮಳಕ್ಕೆ." "ಹಾಗಾದರೆ ಗೋಡಂಬಿ?" ಕೆಲವು ಸಲ ಗೋಡಂಬಿಯೂ ಸಿಗುತ್ತದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಅದು ಗಣಪತಿಯ ಭಾಗ್ಯ" ಎಂದರು. ಒಂದು ಮನೆಯಲ್ಲಿ ಕಡಲೆ, ಇನ್ನೊಂದು ಮನೆಯಲ್ಲಿ ಹೆಸರುಬೇಳೆ, ಮತ್ತೊಂದರಲ್ಲಿ ಅವಲಕ್ಕಿ. ಯಾವ ಮನೆಯಲ್ಲೂ ಲೆಕ್ಕ ಸರಿಯಾಗಿ ಐದಕ್ಕೆ ನಿಲ್ಲುವುದಿಲ್ಲ, ಆದರೂ ಯಾರೂ ಅದನ್ನು ಸಪ್ತಕಜ್ಜಾಯ ಎಂದು ಕರೆಯುವುದಿಲ್ಲ.

ಐದರ ಲೆಕ್ಕವನ್ನು ನಿಜವಾಗಿ ಗಂಭೀರವಾಗಿ ತೆಗೆದುಕೊಂಡವರು ಮರಾಠಿಗರು. ಅವರ ಪಂಚಖಾದ್ಯದಲ್ಲಿ ಐದು ವಸ್ತು ಇರಬೇಕಾದದ್ದು ಮಾತ್ರವಲ್ಲ, ಐದರ ಹೆಸರೂ ಖಕಾರದಿಂದ ಶುರುವಾಗಬೇಕು. ಖೋಬರೆ, ಅಂದರೆ ಕೊಬ್ಬರಿ. ಖಾರೀಕ್, ಅಂದರೆ ಒಣ ಖರ್ಜೂರ. ಖಸಖಸ, ಅಂದರೆ ಗಸಗಸೆ. ಖಡಿಸಾಖರ, ಅಂದರೆ ಕಲ್ಲುಸಕ್ಕರೆ. ನಾಲ್ಕಾಯಿತು. ಐದನೆಯದಕ್ಕೆ ಒಣದ್ರಾಕ್ಷಿ ಬೇಕು, ಆದರೆ ಅದರ ಹೆಸರು ಕಿಸಮಿಸ್. ಅವರು ಹಿಂದೆಮುಂದೆ ನೋಡದೆ ಅದಕ್ಕೊಂದು ಮಹಾಪ್ರಾಣ ಕೊಟ್ಟು ಖಿಸಮಿಸ್ ಮಾಡಿಬಿಟ್ಟರು. ನಮ್ಮಲ್ಲಿ ಮಹಾಪ್ರಾಣ ಬೇಕೋ ಬೇಡವೋ ಎಂದು ಪತ್ರಿಕೆಗಳಲ್ಲಿ ಜಗಳ ನಡೆಯುತ್ತದೆ. ಅಲ್ಲಿ ಒಂದು ದ್ರಾಕ್ಷಿ ತಾನಾಗಿ ಮಹಾಪ್ರಾಣ ಪಡೆದು ದೇವರ ಬಟ್ಟಲಿಗೆ ಸೇರಿಕೊಂಡಿದೆ.

ಪಂಚಕಜ್ಜಾಯ ತಿನ್ನುವುದಕ್ಕೂ ಒಂದು ಶಿಸ್ತು ಬೇಕು. ಹೊನ್ನಾವರ ತಾಲ್ಲೂಕಿನ ಇಡಗುಂಜಿಯ ಗಣಪತಿಗೆ ಪಂಚಖಾದ್ಯವೆಂದರೆ ಪ್ರೀತಿ. ನಾವು ಮನೆಮಂದಿಯೆಲ್ಲ ಅಲ್ಲಿಗೆ ಹೋಗಿ ಪ್ರಸಾದ ಕಟ್ಟಿಸಿಕೊಂಡು ಕಾರಿನಲ್ಲಿ ಹಂಚಿಕೊಂಡೆವು. ಆ ತರಿಪುಡಿ ಬಾಯಲ್ಲಿರುವಾಗ ಉಸಿರನ್ನು ಒಳಗೆ ಎಳೆದುಕೊಂಡರೆ ಕೆಮ್ಮು, ಹೊರಗೆ ಬಿಟ್ಟರೆ ಎದುರಿಗಿದ್ದವರಿಗೆ ಅಭಿಷೇಕ. ಮುಖ್ಯವಾಗಿ ತುಟಿ ಸೇರಿಸಿ ಹೇಳುವ ಅಕ್ಷರಗಳನ್ನು ಬಳಸುವಂತಿಲ್ಲ. ನಮ್ಮ ಅಪ್ಪ ಆಗಲೇ ಬಾಯಿ ತುಂಬಿಸಿಕೊಂಡು ಡ್ರೈವರಿಗೆ "ಫಕ್ಕಕ್ಕೆ ತಿರುಗಿಸಪ್ಪಾ" ಎಂದರು. ಕಾರಿನ ಮುಂದಿನ ಗಾಜು ಒಳಗಿನಿಂದ ಮಂಜು ಕವಿದಂತಾಯಿತು. ಡ್ರೈವರ್ ವೈಪರ್ ಹಾಕಿದ. ಅದು ಹೊರಗಡೆ ಶ್ರದ್ಧೆಯಿಂದ ಒರೆಸಿತು.

ಕರಾವಳಿಯಲ್ಲಿ ಅಪ್ಪಕಜ್ಜಾಯ ಎಂಬ ಇನ್ನೊಂದು ಬಗೆಯೂ ಉಂಟು. ಗಣಪತಿಗೆ ಪ್ರಿಯವಾದ ಅಪ್ಪವನ್ನು ಗುಳಿಗಳಿರುವ ಅಪ್ಪದ ಕಾವಲಿಯಲ್ಲಿ ತುಪ್ಪ ಹಾಕಿ ಬೇಯಿಸುತ್ತಾರೆ. ನಮ್ಮ ಮಗ ಚಿಕ್ಕವನಿದ್ದಾಗ ಪಕ್ಕದ ಮನೆಯವರು ಅಕ್ಕರೆಯಿಂದ ಕರೆದು, "ಬಾ ಮಗಾ, ಅಪ್ಪಕಜ್ಜಾಯ ಕೊಡ್ತೇನೆ" ಎಂದರು. ಅವನು ಬೆನ್ನು ಗೋಡೆಗೆ ಒತ್ತಿಕೊಂಡು, "ಅಪ್ಪ ಬೆಳಿಗ್ಗೇನೇ ಕೊಟ್ಟರು" ಎಂದ.

ಅವನ ತಿಳಿವಳಿಕೆಯಲ್ಲಿ ತಪ್ಪೇನಿಲ್ಲ. ಸೀಮೆಭೇದವಿಲ್ಲದೆ ಕನ್ನಡಿಗರು ಒಪ್ಪಿಕೊಂಡಿರುವ ಕಜ್ಜಾಯ ಅದೊಂದೇ. ಗುದ್ದಿನ ಕಜ್ಜಾಯ, ಬೆತ್ತದ ಕಜ್ಜಾಯ, ಬೆನ್ನಿಗೆ ಕಜ್ಜಾಯ. ನಮ್ಮ ಸ್ಕೂಲಿನ ಲೆಕ್ಕದ ಮೇಷ್ಟ್ರು "ಕಜ್ಜಾಯ ಬೇಕೇನೋ?" ಎಂದು ಬಲು ಮೆತ್ತಗೆ ಕೇಳುತ್ತಿದ್ದರು. ಬೇಡ ಎಂದರೂ ಬಡಿಸುತ್ತಿದ್ದರು. ಬೀಗರೂಟದಲ್ಲಿ ಮಾಡುವಂತೆ ಕೈ ಅಡ್ಡ ಹಿಡಿದರೆ ಆ ಕೈಗೇ ಬಡಿಸುತ್ತಿದ್ದರು. ಕನ್ನಡಿಗರಿಗೆ ಏಟು ಬೈಗುಳಗಳಿಗೆ ನೇರವಾದ ಹೆಸರಿಡುವುದು ಇಷ್ಟವಿಲ್ಲ. ಒದೆಗೆ ಪೂಜೆ ಎನ್ನುತ್ತೇವೆ. ಬೈಗುಳಕ್ಕೆ ಮಂಗಳಾರತಿ, ಉದ್ದವಾದ ಬೈಗುಳಕ್ಕೆ ಸಹಸ್ರನಾಮ. ಮೋಸಕ್ಕೆ ಪಂಗನಾಮ. ಹೆಂಡಕ್ಕೆ ತೀರ್ಥ. ಗರ್ಭಗುಡಿಯ ಒಂದೊಂದೇ ಸಾಮಾನನ್ನು ಹೊರಗೆ ತಂದು ಬೀದಿಜಗಳಕ್ಕೆ ಒದಗಿಸಿಕೊಂಡ ಮೇಲೆ ನೈವೇದ್ಯವೊಂದನ್ನು ಒಳಗೆ ಬಿಡುವುದು ನ್ಯಾಯವೇ? ಅದೂ ಬಂತು. ಪೂಜೆಯಾದ ಮೇಲೆ ಕಜ್ಜಾಯ ಹಂಚಬೇಕಲ್ಲ.

ಅಪ್ಪ ಮತ್ತು ಬೀಗರ ನಡುವಿನ ವ್ಯಾಜ್ಯವನ್ನು ಕೊನೆಗೆ ಕೈಗೆತ್ತಿಕೊಂಡವಳು ನನ್ನ ಹೆಂಡತಿ. ಅವಳು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವಳು. ತದ್ಭವದ ಮಾತು ಬಂದರೆ ಅಡುಗೆಮನೆಯಿಂದ ಹಾಲು ಉಕ್ಕುವುದನ್ನು ಬಿಟ್ಟು ಬರುತ್ತಾಳೆ. ಅವಳ ವಾದ ಹೀಗೆ. ಸಂಸ್ಕೃತದ ಖಾದ್ಯ ಪ್ರಾಕೃತದಲ್ಲಿ ಖಜ್ಜ ಆಯಿತು. ಅದೇ ನಮ್ಮಲ್ಲಿ ಕಜ್ಜಾಯವಾಯಿತು. ವಿದ್ಯೆ ಬಿಜ್ಜೆಯಾದಂತೆ, ಉದ್ಯೋಗ ಉಜ್ಜುಗವಾದಂತೆ. ಅದೇ ಖಜ್ಜ ಉತ್ತರದಲ್ಲಿ ಖಾಜಾ ಆಗಿ ಕೂತಿದೆ. ಬಿಹಾರದ ನಾಲಂದದ ಹತ್ತಿರ ಸಿಲಾವ್ ಎಂಬ ಊರಿನ ಖಾಜಾಕ್ಕೆ 2018ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ಪುರಿಯ ಜಗನ್ನಾಥನಿಗೂ ಖಾಜಾ ನೈವೇದ್ಯವಾಗುತ್ತದೆ. ಅದು ಪದರಪದರವಾದ ಮೈದಾ ಹಿಟ್ಟಿನದು. ಅದರಲ್ಲಿ ನಮ್ಮ ಅಕ್ಕಿಯೂ ಇಲ್ಲ, ಬೆಲ್ಲದ ಪಾಕವೂ ಇಲ್ಲ. ಮರಾಠಿಯ ಪಂಚಖಾದ್ಯ, ಕರಾವಳಿಯ ಪಂಚಕಜ್ಜಾಯ ಎರಡನ್ನೂ ಅಕ್ಕಪಕ್ಕ ಇಟ್ಟರೆ ಖಾದ್ಯವೇ ಕಜ್ಜಾಯ ಎಂದು ಮಕ್ಕಳಿಗೂ ಗೊತ್ತಾಗುತ್ತದೆ. ಖಾದ್ಯ ಎಂದರೆ ತಿನ್ನತಕ್ಕದ್ದು, ಅಷ್ಟೇ. ಆದ್ದರಿಂದ ಮೂಲಾರ್ಥಕ್ಕೆ ಹತ್ತಿರವಿರುವವರು ಶಿರಸಿಯವರು. ಒಂದೇ ತಿಂಡಿಗೆ ಆ ಹೆಸರನ್ನು ಕಟ್ಟಿಹಾಕಿದವರು ನಾವು.

ಅಪ್ಪ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು. ಅವರು ರೆವಿನ್ಯೂ ಇಲಾಖೆಯಲ್ಲಿ ಸರ್ವಿಸು ಮುಗಿಸಿದವರು, ದಾಖಲೆಗಿಂತ ಸ್ವಾಧೀನಕ್ಕೆ ಬೆಲೆ ಹೆಚ್ಚು ಎಂದು ಬಲ್ಲವರು. "ತಿನ್ನತಕ್ಕದ್ದೆಲ್ಲ ಕಜ್ಜಾಯವಾದರೆ ಉಪ್ಪಿಟ್ಟೂ ಕಜ್ಜಾಯವೇನಮ್ಮ?" ಎಂದರು.

ಅವತ್ತು ಬೆಳಗ್ಗೆ ಉಪ್ಪಿಟ್ಟು ಮಾಡಿದವಳು ಅವಳೇ. "ಅದು ತಿನ್ನತಕ್ಕದ್ದು ಹೌದೋ ಅಲ್ಲವೋ ಎಂದು ನಿಮ್ಮ ಮಗ ಇನ್ನೂ ತೀರ್ಮಾನಿಸಿಲ್ಲ" ಎಂದು ನನ್ನ ಕಡೆ ನೋಡಿದಳು. ಉಪ್ಪಿಟ್ಟಿನ ವಿಷಯದಲ್ಲಿ ಮನೆಯಲ್ಲಿ ಯಾರೂ ತೀರ್ಪು ಕೊಡುವ ಧೈರ್ಯ ಮಾಡುವುದಿಲ್ಲ. ವ್ಯಾಜ್ಯ ಮುಂದಕ್ಕೆ ಹೋಯಿತು.

ಇಂಥ ವ್ಯಾಜ್ಯಗಳನ್ನು ಬಗೆಹರಿಸಲೆಂದೇ ಒಂದು ಕಾಲದಲ್ಲಿ ಪ್ರಜಾವಾಣಿಯಲ್ಲಿ ಜಿ. ವೆಂಕಟಸುಬ್ಬಯ್ಯನವರ 'ಇಗೋ ಕನ್ನಡ' ಇತ್ತು. ಯಾವ ಊರಿನವರು ಯಾವ ಶಬ್ದ ಎತ್ತಿಕೊಂಡು ಹೋದರೂ ಸಮಾಧಾನವಾಗಿ ಉತ್ತರ ಬರೆಯುತ್ತಿದ್ದರು. 107 ವರ್ಷ ಬಾಳಿ 2021ರಲ್ಲಿ ತೀರಿಕೊಂಡರು. ನಿಘಂಟು ಮಾಡುವವರಿಗೆ ದೀರ್ಘಾಯುಸ್ಸು ಬೇಕು. ಒಂದೊಂದು ಶಬ್ದಕ್ಕೂ ಇಷ್ಟು ಊರುಗಳ ಜಗಳ ಕೇಳಬೇಕಲ್ಲ. ಅಡುಗೆಯ ವಿಷಯವನ್ನು ನಮ್ಮ ಹಿಂದಿನವರು ಲಘುವಾಗಿ ಕಂಡವರೇ ಅಲ್ಲ. 1025ರ ಸುಮಾರಿಗೆ ಚಾವುಂಡರಾಯನ 'ಲೋಕೋಪಕಾರ' ಮಳೆ, ಬಾವಿ, ಗಿಡಮರಗಳ ವಿಚಾರದ ಜತೆಗೆ ಅಡುಗೆಯನ್ನೂ ಹೇಳಿತು. 16ನೇ ಶತಮಾನದ ಮೂರನೆಯ ಮಂಗರಸ 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲೇ ಬರೆದ. ಷಟ್ಪದಿಯಲ್ಲಿ ಒಂದು ಮಾತ್ರೆ ಹೆಚ್ಚಾಗುವಂತಿಲ್ಲ, ಪಾಕದಲ್ಲಿ ಒಂದು ಕುದಿ ಹೆಚ್ಚಾಗುವಂತಿಲ್ಲ. ಎರಡನ್ನೂ ಒಟ್ಟಿಗೆ ಸಂಭಾಳಿಸಿದವನ ಮುಂದೆ ಇವತ್ತು ಮೊಬೈಲು ಹಿಡಿದು 'ರುಚಿಗೆ ತಕ್ಕಷ್ಟು' ಎನ್ನುವವರು ಯಾವ ಲೆಕ್ಕ?

ಈಗ ಬೆಂಗಳೂರಿನಲ್ಲಿ ನಡುಮನೆಯಲ್ಲಿ ಅಕ್ಕಿ ಹರವುವವರು ಕಡಿಮೆ. ಹರವಲು ಪಂಚೆ ಉಡುವವರೂ ಕಡಿಮೆ. ದೀಪಾವಳಿಯ ವಾರ ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ ಕಜ್ಜಾಯದ ಗುಡ್ಡ ಎದ್ದಿರುತ್ತದೆ. ತೂಕಕ್ಕೆ ಬೇಕೋ, ಎಣಿಕೆಗೆ ಬೇಕೋ ಎಂದು ಕೇಳುತ್ತಾರೆ. ನೋಮಿನವರು ಎಣಿಕೆ, ಉಳಿದವರು ತೂಕ. ಹಿಟ್ಟನ್ನು ಪಾಕದಲ್ಲಿ ಕಲಸಿ ಡಬ್ಬಿಯಲ್ಲಿ ಹಾಕಿಯೂ ಮಾರುತ್ತಾರೆ. ತಂದು ತಟ್ಟಿ ಕರಿದರೆ ಸಾಕು. ಎಣ್ಣೆಯಲ್ಲಿ ಬಿಚ್ಚಿಕೊಂಡರೆ ಶಪಿಸಲು ಮಂಡಿಯವನು ಸಿಗುವುದಿಲ್ಲ. ಡಬ್ಬಿಯ ಮೇಲೆ ಒಂದು ಗ್ರಾಹಕರ ಸೇವೆಯ ನಂಬರು ಇರುತ್ತದೆ. ಅಲ್ಲಿ ಕನ್ನಡಕ್ಕೆ ಎರಡು ಒತ್ತಿ ಎಂದು ಹೇಳಿ ಹಾಡು ಹಾಕುತ್ತಾರೆ.

ಈ ಎಲ್ಲ ಕಜ್ಜಾಯಗಳ ಬಗ್ಗೆ ನಾನು ಇಷ್ಟು ಆಳವಾಗಿ ವಿಚಾರ ಮಾಡತೊಡಗಿದ್ದಕ್ಕೆ ಭಾಷಾಪ್ರೇಮ ಕಾರಣವಲ್ಲ. ಸಕ್ಕರೆ ಕಾಯಿಲೆ ಕಾರಣ. ರಕ್ತದ ವರದಿ ನೋಡಿ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕುಂದಾಪುರದ ಕಡೆಯವರು, ಕನ್ನಡದಲ್ಲೇ ಮಾತಾಡುವವರು. "ನೋಡಿ, ಈ ಮಾತ್ರೆ ಎರಡು ಹೊತ್ತು. ವಾಕಿಂಗು ದಿನಾ. ಇನ್ನು ಈ ಕಜ್ಜಾಯ ಗಿಜ್ಜಾಯ ಎಲ್ಲ ಬಂದ್" ಎಂದರು. ಮಂಗರಸನಿಗೂ ನನಗೂ ಈಗ ಮಾತ್ರೆಯ ವಿಷಯದಲ್ಲಿ ಸಮಾನ ಕಟ್ಟುಪಾಡು.

ದಾರಿಯಲ್ಲಿ ಆಟೋದಲ್ಲಿ ಕೂತು ಡಾಕ್ಟರ ಮಾತಿನ ಅರ್ಥವ್ಯಾಪ್ತಿಯನ್ನು ಪರಿಶೀಲಿಸಿದೆ. ಯಾವ ಕಾನೂನನ್ನಾದರೂ ಅದನ್ನು ಮಾಡಿದವನ ಉದ್ದೇಶ ನೋಡಿ ಅರ್ಥೈಸಬೇಕು. ಡಾಕ್ಟರು ಕರಾವಳಿಯವರು. ಅವರು ಕಜ್ಜಾಯ ಎಂದಾಗ ಅವರ ಕಣ್ಣ ಮುಂದೆ ಇದ್ದದ್ದು ಪಂಚಕಜ್ಜಾಯ. ಅದು ನಮ್ಮ ಮನೆಗೆ ವರ್ಷಕ್ಕೊಮ್ಮೆ ಚೌತಿಯಲ್ಲಿ ಪಕ್ಕದ ಮನೆಯಿಂದ ಬಂದರೆ ಉಂಟು. ಅದನ್ನು ಬಿಡಲು ನಾನು ಸಿದ್ಧ. ಅಂದಮೇಲೆ ನಮ್ಮ ಕಡೆಯ ಕಜ್ಜಾಯ ನಿಷೇಧದಿಂದ ಹೊರಗೆ. ಯಾಕೆಂದರೆ ಡಾಕ್ಟರ ಶಬ್ದಕೋಶದಲ್ಲಿ ಅದರ ಹೆಸರು ಬೇರೆ. ಒಂದು ವೇಳೆ ಡಾಕ್ಟರು ಬೆಂಗಳೂರಿನ ಮಾತಿಗೆ ಹೊಂದಿಕೊಂಡು ಹೇಳಿದ್ದಾರೆಂದೇ ಇಟ್ಟುಕೊಳ್ಳಿ. ಆಗ ನಿಷಿದ್ಧವಾದದ್ದು ದೀಪಾವಳಿಯ ಕಜ್ಜಾಯ ಒಂದೇ. ಹೋಳಿಗೆ, ಮೈಸೂರುಪಾಕು, ಕೇಸರಿಬಾತು ಎಲ್ಲವೂ ಮುಕ್ತ. ಯಾವ ಕಡೆಯಿಂದ ನೋಡಿದರೂ ಶಬ್ದಾರ್ಥ ನನ್ನ ಪರವಾಗಿತ್ತು. ಇದರಲ್ಲಿ ಅಪಾಯ ಇದ್ದದ್ದು ಒಂದೇ, ಶಿರಸಿಯ ಅರ್ಥ. ಡಾಕ್ಟರು ಶಿರಸಿಯವರಲ್ಲದಿದ್ದುದು ನನ್ನ ಪುಣ್ಯ.

ಆದರೆ ಹೆಂಡತಿ ಶಿರಸಿಯವಳು. ಅಂದು ರಾತ್ರಿ ಒಬ್ಬಟ್ಟಿನ ಡಬ್ಬಿಯ ಹತ್ತಿರ ನನ್ನನ್ನು ಹಿಡಿದಾಗ ನಾನು ಈ ವಾದವನ್ನು ಕ್ರಮವಾಗಿ ಮಂಡಿಸಿದೆ. ಸೀಮೆವಾರು ಅರ್ಥಭೇದ ಹೇಳಿದೆ. ಅವಳೇ ಹೇಳಿಕೊಟ್ಟ ಖಾದ್ಯ, ಖಜ್ಜ ಎಲ್ಲವನ್ನೂ ಹೇಳಿ, ಮೂಲಾರ್ಥವನ್ನೇ ಹಿಡಿದರೆ ನಾನು ಉಪ್ಪಿಟ್ಟನ್ನೂ ಬಿಡಬೇಕಾಗುತ್ತದೆ, ಅದಕ್ಕೂ ನಾನು ತಯಾರು ಎಂದೆ. ಅಪ್ಪ ತಮ್ಮ ಕೋಣೆಯಿಂದಲೇ "ಸರಿಯಾಗಿ ಹೇಳಿದ" ಎಂದು ಕೂಗಿದರು. ಅವಳು ಹಳೆಯ ವಿದ್ಯಾರ್ಥಿಯ ಉತ್ತರಪತ್ರಿಕೆ ನೋಡುವಂತೆ ಎಲ್ಲವನ್ನೂ ಕೇಳಿ, ತಲೆಯಾಡಿಸಿ, ಡಬ್ಬಿಯ ಮುಚ್ಚಳ ಗಟ್ಟಿಯಾಗಿ ಹಾಕಿದಳು.

"ಕಜ್ಜಾಯದ ಅರ್ಥ ಏನಾದರೂ ಇಟ್ಟುಕೊಳ್ಳಿ, ನನ್ನ ತಕರಾರಿಲ್ಲ. ಡಾಕ್ಟರು ಪೂರ್ತಿ ಏನಂದರು?"

"ಕಜ್ಜಾಯ ಗಿಜ್ಜಾಯ ಎಲ್ಲ ಬಂದ್ ಅಂದರು."

"ಹಾಂ. ಈ ಒಬ್ಬಟ್ಟು ಕಜ್ಜಾಯ ಅಲ್ಲ, ಒಪ್ಪಿದೆ. ಇದು ಗಿಜ್ಜಾಯ."

ಖಾದ್ಯಕ್ಕೆ ಪ್ರಾಕೃತ ಉಂಟು, ತದ್ಭವ ಉಂಟು, ಜಿಲ್ಲೆಗೊಂದು ಅರ್ಥ ಉಂಟು. ಗಿಜ್ಜಾಯಕ್ಕೆ ಮೂಲವಿಲ್ಲ, ಸೀಮೆಯಿಲ್ಲ, ನಿಘಂಟಿನಲ್ಲಿ ಜಾಗವಿಲ್ಲ. ಊಟ ಗೀಟ, ತಿಂಡಿ ಗಿಂಡಿ, ಕಾಫಿ ಗೀಫಿ ಎಂದು ಬಾಯಿಚಪಲಕ್ಕೆ ಹಿಂದೆ ಅಂಟಿಸಿಕೊಂಡು ಬಂದ ಆ ಗಿಕಾರ, ಪಕ್ಕದಲ್ಲಿದ್ದ ಶಬ್ದ ಬಿಟ್ಟ ಸಂದುಗಳನ್ನೆಲ್ಲ ಮುಚ್ಚುವಷ್ಟು ಹರಡಿಕೊಂಡಿದೆ ಎಂದು ನನಗೆ ಯಾವ ವ್ಯಾಕರಣದ ಪುಸ್ತಕವೂ ಹೇಳಿರಲಿಲ್ಲ. ಕೋಣೆಯಿಂದ ಅಪ್ಪನ ಸದ್ದೇ ಇಲ್ಲ. ರೆವಿನ್ಯೂ ಇಲಾಖೆಯವರಿಗೂ ಗಿಜ್ಜಾಯದ ಮೇಲೆ ಅಪೀಲು ಹೋಗುವ ದಾರಿ ಕಾಣಲಿಲ್ಲವೆಂದು ತೋರುತ್ತದೆ.